ಕಾಣದ ಪದರ: ಪುಟ್ಟ ಮಾದರಿಗಳಿಗೆ ಮೆರುಗೆಣ್ಣೆ

ಬಣ್ಣದ ಮೇಲೆ ಕೊನೆಯದಾಗಿ ಹಚ್ಚುವ ಪಾರದರ್ಶಕ ಲೇಪಕ್ಕೆ ಕನ್ನಡದಲ್ಲಿ ಮೆರುಗೆಣ್ಣೆ ಎಂಬ ಹೆಸರಿದೆ. ಆಡುಮಾತಿನಲ್ಲಿ ಅದು ವಾರ್ನಿಷ್. ವಿಮಾನ, ಹಡಗು, ರೈಲು ಎಂಜಿನುಗಳ ಪುಟ್ಟ ಮಾದರಿಗಳನ್ನು ಮಾಡುವ ವಿದ್ಯಾರ್ಥಿಗಳು ಬಣ್ಣಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಈ ಕೊನೆಯ ಪದರವನ್ನು ಮಾತ್ರ ಅಂಗಡಿಯಲ್ಲಿ ಸಿಕ್ಕಿದ ಡಬ್ಬಿಯಿಂದ ಬಳಿದುಬಿಡುವುದುಂಟು. ತಿಂಗಳುಗಳ ಶ್ರಮ ಒಂದು ಗಂಟೆಯಲ್ಲಿ ಹಾಳಾಗುವುದು ಹೆಚ್ಚಾಗಿ ಆ ಹಂತದಲ್ಲೇ. ಕಾರಣ ತಿಳಿಯಬೇಕಾದರೆ ಮೆರುಗೆಣ್ಣೆಯ ಚರಿತ್ರೆಯನ್ನು ಕೊಂಚ ನೋಡಬೇಕು.

ಹಳೆಯ ಮೆರುಗೆಣ್ಣೆಗಳು ಮರಗಳ ಮತ್ತು ಕೀಟಗಳ ಕೊಡುಗೆ. ಮುತ್ತುಗದಂತಹ ಮರಗಳ ಕೊಂಬೆಗಳಲ್ಲಿ ಅರಗಿನ ಕೀಟಗಳು ಸ್ರವಿಸುವ ಅರಗನ್ನು ಶುದ್ಧಿಮಾಡಿ ಸ್ಪಿರಿಟ್‌ನಲ್ಲಿ ಕರಗಿಸಿದರೆ ಒಂದು ಬಗೆಯ ಮೆರುಗೆಣ್ಣೆ ಸಿದ್ಧವಾಗುತ್ತದೆ. ನಮ್ಮ ಪಶ್ಚಿಮಘಟ್ಟದ ಧೂಪದ ಮರದ ರಾಳವೂ ಈ ಕೆಲಸಕ್ಕೆ ಒದಗಿದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಇಂದು ದೇಶಕ್ಕೆಲ್ಲ ಪರಿಚಿತವಾಗಿರುವ ಸಂಸ್ಥೆ ಅದೇ. ಅದರ ಹೆಸರಿನಲ್ಲಿ ವಾರ್ನಿಷ್ ಎಂಬ ಮಾತು ಈಗಲೂ ಉಳಿದಿದೆ.

ಈ ನೈಸರ್ಗಿಕ ಲೇಪಗಳಿಗೆ ಒಂದು ದೋಷವಿತ್ತು. ಗಾಳಿ ಬೆಳಕುಗಳಿಗೆ ಸಿಕ್ಕಿ ಅವು ವರ್ಷಗಳು ಕಳೆದಂತೆ ಹಳದಿಗಟ್ಟುತ್ತವೆ, ಕಪ್ಪಾಗುತ್ತವೆ. ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಪ್ರಸಿದ್ಧ ಚಿತ್ರವನ್ನೇ ನೋಡಿ. ಕಾವಲು ಪಡೆಯೊಂದು ಹಗಲಿನಲ್ಲಿ ಹೊರಡುವ ದೃಶ್ಯ ಅದು. ಆದರೆ ಕಪ್ಪಿಟ್ಟ ಮೆರುಗೆಣ್ಣೆ ಮತ್ತು ಕೊಳೆಯಿಂದಾಗಿ ಮುಂದಿನ ತಲೆಮಾರುಗಳು ಅದನ್ನು ರಾತ್ರಿಯ ಚಿತ್ರವೆಂದೇ ಭಾವಿಸಿ ‘ನೈಟ್ ವಾಚ್’ ಎಂದು ಕರೆದವು. ಎರಡನೇ ಮಹಾಯುದ್ಧದ ಬಳಿಕ ಶುಚಿಗೊಳಿಸಿದಾಗ ಹಗಲು ಮತ್ತೆ ಕಂಡಿತು. ಹೆಸರು ಮಾತ್ರ ಬದಲಾಗಲಿಲ್ಲ! ಇದೇ ಚಿತ್ರದ ಮೇಲೆ 1990ರಲ್ಲಿ ಒಬ್ಬಾತ ಆಮ್ಲ ಎರಚಿದ. ಕಾವಲುಗಾರರು ತಕ್ಷಣ ನೀರು ಸಿಂಪಡಿಸಿದರು. ಆಮ್ಲ ಮೆರುಗೆಣ್ಣೆಯಲ್ಲೇ ನಿಂತಿತು, ಬಣ್ಣ ಉಳಿಯಿತು. ಬೇಕಾದಾಗ ತೆಗೆದು ಹೊಸದಾಗಿ ಹಚ್ಚಬಹುದು ಎಂಬುದೇ ಚಿತ್ರಕಾರನ ಮೆರುಗೆಣ್ಣೆಯ ದೊಡ್ಡ ಗುಣ.

ಮಾದರಿಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ತೆಳುವಾದ ಬಣ್ಣದ ಮೇಲಿನ ಲೇಪವನ್ನು ಕರಗಿಸಹೊರಟರೆ ಸಾಮಾನ್ಯವಾಗಿ ಬಣ್ಣವೂ ಜೊತೆಗೇ ಬರುತ್ತದೆ. ಆದ್ದರಿಂದ ಮೊದಲೇ ಸರಿಯಾದುದನ್ನು ಆರಿಸಬೇಕು. 1930ರ ದಶಕದಲ್ಲಿ ಜರ್ಮನಿಯ ಒಟ್ಟೋ ರೋಮ್ ಅವರ ಸಂಶೋಧನೆಗಳಿಂದ ಬಳಕೆಗೆ ಬಂದ ಅಕ್ರಿಲಿಕ್ ರಾಳಗಳು ಇಲ್ಲಿ ನೆರವಾದವು. 1950ರ ದಶಕದಲ್ಲಿ ಅವು ನೀರಿನಲ್ಲಿ ಬೆರೆಯುವ ಬಣ್ಣಗಳ ರೂಪದಲ್ಲೂ ಮಾರುಕಟ್ಟೆಗೆ ಬಂದವು. ಎಣ್ಣೆಯ ಮೆರುಗೆಣ್ಣೆಯಂತೆ ಅವು ಬೇಗ ಹಳದಿಯಾಗುವುದಿಲ್ಲ. ಬಿಳಿ ಬಣ್ಣದ ವಿಮಾನ ಮಾಡುವವರು ಎಣ್ಣೆಯ ಡಬ್ಬಿಯನ್ನು ದೂರವಿಡುವುದೇ ಲೇಸು.

ಮುಂದಿನ ಪ್ರಶ್ನೆ ಹೊಳಪಿನದು. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಂದ 5,00,000 ವಿಮಾನ ಮಾದರಿಗಳನ್ನು ಕೇಳಿತು. ಶತ್ರು ಯಾರು, ಮಿತ್ರ ಯಾರು ಎಂದು ಆಕಾಶದಲ್ಲಿ ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕಾಗಿ, 72ರಲ್ಲಿ ಒಂದು ಪಾಲು ಅಳತೆಯ ಕಪ್ಪು ಮಾದರಿಗಳು ಅವು. ಅಲ್ಲಿ ಆಕಾರವೊಂದೇ ಮುಖ್ಯ. ಯುದ್ಧಾನಂತರ ಪ್ಲಾಸ್ಟಿಕ್ ಕಿಟ್‌ಗಳು ಬಂದ ಮೇಲೆ ಬಣ್ಣ, ಚಿಹ್ನೆಗಳೆಲ್ಲ ನಿಜವಿಮಾನದಂತೆ ಕಾಣಬೇಕೆಂಬ ಆಸೆ ಬೆಳೆಯಿತು. ಆಗ ತೊಡಕು ಎದುರಾಯಿತು. 11.23 ಮೀಟರ್ ರೆಕ್ಕೆಯಗಲದ ಸ್ಪಿಟ್‌ಫೈರ್ ಈ ಅಳತೆಯಲ್ಲಿ 15.6 ಸೆಂಟಿಮೀಟರ್ ಆಗುತ್ತದೆ, ಆದರೆ ಹೊಳಪು ಮಾತ್ರ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲ. ಯುದ್ಧವಿಮಾನ ಮಿರಮಿರ ಮಿಂಚಿದರೆ ಆಟಿಕೆಯಂತೆ ಕಾಣುತ್ತದೆ.

ಹೊಳಪಿಲ್ಲದಿರುವುದೆಂದರೆ ಮೇಲ್ಮೈ ಒರಟಾಗಿರುವುದು. ಬೆಳಕು ಅಲ್ಲಿ ಚದುರಿಹೋಗುತ್ತದೆ. ಯುದ್ಧದ ಆರಂಭದಲ್ಲಿ ಬ್ರಿಟಿಷರು ರಾತ್ರಿ ಹಾರುವ ವಿಮಾನಗಳಿಗೆ ಬಳಿದ ಮಸಿಯಂತಹ ಕಪ್ಪು ಬಣ್ಣ ಎಷ್ಟು ಒರಟಾಗಿತ್ತೆಂದರೆ ಅದರಿಂದ ವಿಮಾನದ ವೇಗವೇ ತಗ್ಗಿತು. ಮ್ಯಾಟ್ ಮೆರುಗೆಣ್ಣೆಯಲ್ಲಿ ಈ ಒರಟುತನವನ್ನು ತರುವುದು ಸಿಲಿಕಾದ ಸಣ್ಣ ಪುಡಿ. ಅದು ತಳಕ್ಕಿಳಿಯುತ್ತದೆ, ಚೆನ್ನಾಗಿ ಕಲಕದೆ ಹಚ್ಚಿದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಬಿಳಿಚು. (ಮೆರುಗೇ ಇಲ್ಲದ ಇದನ್ನು ಮೆರುಗೆಣ್ಣೆ ಎನ್ನುವುದು ತಮಾಷೆಯೇ ಸರಿ.)

ಹಾಗೆಂದು ಮೊದಲೇ ಮ್ಯಾಟ್ ಹಚ್ಚಬಾರದು. ನೀರಿನಲ್ಲಿ ನೆನೆಸಿ ಜಾರಿಸುವ ಚಿಹ್ನೆಗಳನ್ನು ಒರಟು ಮೇಲ್ಮೈಗೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಕಾಣುತ್ತದೆ. ಮೊದಲು ಹೊಳಪಿನ ಪದರ, ಅದು ಒಣಗಿದ ಮೇಲೆ ಚಿಹ್ನೆ, ಕೊನೆಗೆ ಮ್ಯಾಟ್. ಪ್ರತಿಯೊಂದೂ ತೆಳುವಾಗಿರಲಿ. ವಿಮಾನದ ಗಾಜಿನ ಗೂಡಿಗೆ ಮಾತ್ರ ಟೇಪ್ ಅಂಟಿಸಿ ಮ್ಯಾಟ್ ತಾಗದಂತೆ ಕಾಯಬೇಕು.

ಲೇಪದಲ್ಲಿರುವ ದ್ರಾವಕವೂ ಮುಖ್ಯ. ತೀಕ್ಷ್ಣ ದ್ರಾವಕದ ಲ್ಯಾಕರನ್ನು ಎನಾಮೆಲ್ ಬಣ್ಣದ ಮೇಲೆ ದಟ್ಟವಾಗಿ ಹಚ್ಚಿದರೆ ಕೆಳಗಿನ ಬಣ್ಣ ಸುಕ್ಕುಗಟ್ಟಬಹುದು. ಹಳೆಯ ಪ್ಲಾಸ್ಟಿಕ್ ಚಮಚವೊಂದಕ್ಕೆ ಅದೇ ಬಣ್ಣ, ಅದೇ ಮೆರುಗೆಣ್ಣೆ ಹಚ್ಚಿ ಒಂದೆರಡು ದಿನ ನೋಡಿದರೆ ಫಲಿತಾಂಶ ಅಲ್ಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿಗಳಂತಹ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸಿಂಪಡಿಸಿದ ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕುಳಿತು ಬಿಳಿಯ ಮಂಜು ಕವಿಯುತ್ತದೆ. ಅಂಥ ದಿನಗಳಲ್ಲಿ ಮಾದರಿಯನ್ನು ಧೂಳು ಬೀಳದಂತೆ ಮುಚ್ಚಿಟ್ಟು, ಬಿಸಿಲು ಬರುವವರೆಗೆ ಕಾಯಬಹುದು.