ಎಐ ಹತ್ರ ಕೆಲಸ ತಗೊಳ್ಳೋದು ಹೇಗೆ? ಅಂಗಡಿಯವರು ತಿಳಿದಿರಬೇಕಾದ ವಿಷಯಗಳು

ಜಯನಗರ: ವಾಟ್ಸ್‌ಆ್ಯಪ್‌ಗೆ ಹಬ್ಬದ ಆಫರ್, ಶಟರ್ ಮೇಲೆ ಅಂಟಿಸೋ ರಜೆ ನೋಟಿಸ್, ಹೊಸ ಬೋರ್ಡಿನ ಬರಹ. ಇವನ್ನೆಲ್ಲ ಈಗ ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಆ್ಯಪ್‌ಗಳಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಬಹುದು. ಆ್ಯಪ್‌ಗೆ ನಾವು ಕೊಡುವ ಸೂಚನೆಗೆ ‘ಪ್ರಾಂಪ್ಟ್’ ಅಂತಾರೆ. ಎಐಗೆ ನಿಮ್ಮ ಅಂಗಡಿ ಗೊತ್ತಿಲ್ಲ. ನೀವು ಹೇಳದೆ ಬಿಟ್ಟಿದ್ದನ್ನು ಅದು ಊಹಿಸಿ ತುಂಬಿಬಿಡಬಹುದು. ಆಮೇಲೆ ಗಿರಾಕಿಗೆ ಉತ್ತರ ಕೊಡಬೇಕಾದವರು ಅಂಗಡಿಯವರೇ.

ಹೀಗೆ ಕೇಳಬೇಡಿ

“ಸೀರೆ ಅಂಗಡಿಗೆ ಆಫರ್ ಮೆಸೇಜ್ ಬರೆದುಕೊಡು.”

ಇಷ್ಟೇ ಹೇಳಿದ್ರೆ ನೀವು ಕೊಡದ 50% ರಿಯಾಯಿತಿಯೂ ಮೆಸೇಜ್‌ನಲ್ಲಿ ಬಂದು ಕೂರಬಹುದು. ಓದದೆ ಕಳಿಸಿದರೆ ಗಿರಾಕಿ ಮೊಬೈಲ್ ಹಿಡ್ಕೊಂಡು ಅಂಗಡಿಗೇ ಬರ್ತಾರೆ.

ಹೀಗೆ ಕೇಳಿ

“ಜಯನಗರ 4ನೇ ಬ್ಲಾಕ್‌ನಲ್ಲಿ ನನ್ನ ಸೀರೆ ಅಂಗಡಿ ಇದೆ. ಗೌರಿ ಹಬ್ಬಕ್ಕೆ ಇಳಕಲ್ ಸೀರೆಗೆ ಮಾತ್ರ 10% ರಿಯಾಯಿತಿ, ಶುಕ್ರವಾರದಿಂದ ಭಾನುವಾರದವರೆಗೆ. ಹಳೇ ಗಿರಾಕಿಗಳಿಗೆ ಕಳಿಸಲು 5 ಸಾಲಿನ ವಾಟ್ಸ್‌ಆ್ಯಪ್ ಮೆಸೇಜ್ ಬೇಕು. ಆಡುಮಾತಿನ ಕನ್ನಡ ಇರಲಿ, ‘ನೀವು’ ಅಂತಲೇ ಕರೆಯಬೇಕು. ನಾನು ಹೇಳದ ಬೆಲೆ, ಆಫರ್ ಸೇರಿಸಬೇಡ. ಏನಾದರೂ ಗೊತ್ತಾಗದಿದ್ದರೆ ಮೊದಲು ನನ್ನನ್ನೇ ಕೇಳು.”

ಇದರಲ್ಲಿ ಐದು ವಿಷಯ ಇವೆ: ಯಾರ ಅಂಗಡಿ, ಯಾರಿಗೆ ಮೆಸೇಜ್, ನಿಜವಾದ ವಿವರ ಏನು, ಎಷ್ಟು ಉದ್ದ ಮತ್ತು ಎಂಥ ಭಾಷೆ, ಏನು ಇರಬಾರದು. ಬೇಕರಿ, ಟ್ಯೂಷನ್, ಪಿಜಿ, ಗ್ಯಾರೇಜ್ ಯಾವುದಕ್ಕಾದರೂ ಇದೇ ಲೆಕ್ಕ. ಮೊದಲ ಸಲ ಸರಿ ಬರದಿದ್ದರೆ ‘ಚೆನ್ನಾಗಿಲ್ಲ’ ಅಂದು ಸುಮ್ಮನಾಗಬೇಡಿ. ‘ಎರಡನೇ ಸಾಲು ಪುಸ್ತಕದ ಭಾಷೆ ಆಯ್ತು, ಸರಳ ಮಾಡು’ ಅಂತ ಜಾಗ ತೋರಿಸಿ ಹೇಳಿ.

ಬೋರ್ಡ್ ಮಾಡಿಸುವ ಮುಂಚೆ

2024ರ ತಿದ್ದುಪಡಿ ಕಾಯ್ದೆ ಪ್ರಕಾರ ಅಂಗಡಿ ನಾಮಫಲಕದಲ್ಲಿ 60% ಕನ್ನಡ ಇರಬೇಕು. ಇಂಗ್ಲಿಷ್ ಹೆಸರನ್ನು ಎಐಗೆ ಕೊಡುವಾಗ ‘ಅರ್ಥ ಅನುವಾದ ಮಾಡಬೇಡ, ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆ’ ಅಂತ ಬಿಡಿಸಿ ಹೇಳಿ. ಬಂದಿದ್ದನ್ನು ಕನ್ನಡ ಚೆನ್ನಾಗಿ ಬಲ್ಲವರಿಗೆ ಓದಿಸಿಯೇ ಪ್ರಿಂಟ್‌ಗೆ ಕೊಡಿ. ಯಂತ್ರದ ಅನುವಾದ ದೊಡ್ಡವರನ್ನೂ ಬಿಟ್ಟಿಲ್ಲ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹೆಸರಲ್ಲಿ ಬಂದ ಕನ್ನಡದ ಸಂತಾಪವನ್ನು ಫೇಸ್‌ಬುಕ್‌ನ ಅನುವಾದ ಯಂತ್ರ ಸಿದ್ದರಾಮಯ್ಯನವರೇ ತೀರಿಕೊಂಡರು ಎನ್ನುವಂತೆ ಇಂಗ್ಲಿಷಿಗೆ ತಿರುಗಿಸಿತ್ತು. ಮೆಟಾ ಕಂಪನಿ ಕ್ಷಮೆ ಕೇಳಬೇಕಾಯಿತು.

ಇವನ್ನು ಎಐ ಮಾತಿನ ಮೇಲೆ ನಂಬಬೇಡಿ

ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಿಂದ ಬದಲಾಗಿವೆ. ಅದೇ ತಿಂಗಳು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಎಐ ಇನ್ನೂ ಹಳೇ ದರ, ಹಳೇ ಕಚೇರಿ ಹೇಳಬಹುದು. ತೆರಿಗೆ, ಟ್ರೇಡ್ ಲೈಸೆನ್ಸ್ ವಿಚಾರಕ್ಕೆ ಸರ್ಕಾರದ ವೆಬ್‌ಸೈಟ್ ನೋಡಿ ಅಥವಾ ಆಡಿಟರ್ ಹತ್ರ ಕೇಳಿ. ಔಷಧಿ ವಿಚಾರಕ್ಕೆ ಡಾಕ್ಟರೇ ಸರಿ.

ಇವನ್ನು ಹಾಕಲೇಬೇಡಿ

ಗಿರಾಕಿಗಳ ಫೋನ್ ನಂಬರ್, ಆಧಾರ್, ಬ್ಯಾಂಕ್ ವಿವರ, ಒಟಿಪಿ, ಸಾಲದ ಪುಸ್ತಕದ ಫೋಟೊ. ಬಾಕಿ ವಸೂಲಿಗೆ ಮೆಸೇಜ್ ಬರೆಸುವುದಾದರೆ ಹೆಸರಿನ ಜಾಗ ಖಾಲಿ ಬಿಟ್ಟು ಬರೆಸಿ, ಆಮೇಲೆ ನೀವೇ ತುಂಬಿಕೊಳ್ಳಿ.

ಕಳಿಸುವ ಮುಂಚೆ ಒಂದು ಸಲ ಜೋರಾಗಿ ಓದಿ. ದಿನಾಂಕ, ರೇಟು, ಫೋನ್ ನಂಬರ್ ಈ ಮೂರನ್ನೂ ಬೆರಳಿಟ್ಟು ನೋಡಿ.