ಬಳ್ಳಿಗಾವಿ ಸೀಮೆಯ ತತ್ತ್ವಜಿಜ್ಞಾಸೆ

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ, ಮುಖ್ಯವಾಗಿ 11 ಮತ್ತು 12ನೆಯ ಶತಮಾನಗಳಲ್ಲಿ ಬೆಳೆದ ವಾದ ಹಾಗೂ ಚಿಂತನೆಯ ಪರಂಪರೆ. ಜಗತ್ತು ನಿಜವೋ ತೋರಿಕೆಯೋ, ಅರಿವಿಗೆ ಆಧಾರ ಯಾವುದು, ದೇಹ ಅಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗಳು ಇಲ್ಲಿ ಮೊದಲು ಮಠ, ಅಗ್ರಹಾರ, ಬಸದಿ, ವಿಹಾರಗಳಲ್ಲಿ ಸಂಸ್ಕೃತದ ತರ್ಕವಾಗಿ ನಡೆದವು. ಆಮೇಲೆ ಇದೇ ನೆಲದ ವಚನಕಾರರ ಬಾಯಲ್ಲಿ ಕನ್ನಡದ ಮಾತಾದವು.

ಈ ಸೀಮೆಯ ವಿದ್ಯಾಸಕ್ತಿ ಹಳೆಯದು. ಕವಿ ಕುಬ್ಜ ರಚಿಸಿದ, 5ನೆಯ ಶತಮಾನದ, ಇದೇ ಸೀಮೆಯ ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಆದ ಜಗಳ ಅವನನ್ನು ಕತ್ತಿ ಹಿಡಿಯುವಂತೆ ಮಾಡಿ ಕದಂಬ ರಾಜ್ಯಕ್ಕೆ ಬುನಾದಿಯಾಯಿತು. ಆಗ ಶಾಸ್ತ್ರ ಕಲಿಯಲು ಊರು ಬಿಡಬೇಕಿತ್ತು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಬಳ್ಳಿಗಾವಿಯೇ ವಾದಿಗಳು ಬಂದು ಸೇರುವ ಪಟ್ಟಣವಾಗಿತ್ತು.

ಅಲ್ಲಿನ ಪಂಚಲಿಂಗ ದೇಗುಲಕ್ಕೆ ಸಂಬಂಧಿಸಿದ 1036ರ ಶಾಸನ, ಶೈವರ ಕಾಳಾಮುಖ ಪಂಥದ ಗುರು ಲಕುಲೀಶ್ವರ ಪಂಡಿತನನ್ನು ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯ ಪಕ್ಷಗಳನ್ನೆಲ್ಲ ಮಣಿಸಿದವನೆಂದು ಹೊಗಳುತ್ತದೆ. ಆದರೂ ಸೋತರೆಂದು ಹೇಳಲಾದ ಪಕ್ಷಗಳಿಗೆ ಊರಿನಲ್ಲಿ ನೆಲೆ ತಪ್ಪಲಿಲ್ಲ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಪ್ರಬುದ್ಧ ಬೌದ್ಧವಿಹಾರವನ್ನು ಕಟ್ಟಿಸಿದ. ತಾರಾ ಭಗವತಿಯ ಮೂರ್ತಿಯೂ ಸ್ಥಾಪನೆಯಾಯಿತು. 12ನೆಯ ಶತಮಾನದ ಶಾಸನವೊಂದು ಹರಿ, ಹರ, ಬ್ರಹ್ಮ, ಜಿನ, ಬುದ್ಧರ ಐದು ಮಠಗಳನ್ನು ಒಟ್ಟಿಗೇ ಹೆಸರಿಸುತ್ತದೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿವರ್ಮನ ರಾಣಿ ಮಾಳಲದೇವಿಯ ಆಶ್ರಯದ ಪಾರ್ಶ್ವದೇವ ಚೈತ್ಯಾಲಯಕ್ಕೆ ಅಗ್ರಹಾರದ ಬ್ರಾಹ್ಮಣರೇ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ಎದುರು ಪಕ್ಷ ಕೂಗಳತೆಯಲ್ಲಿಯೇ ಇದ್ದುದರಿಂದ ಇಲ್ಲಿ ಯಾವ ಸಿದ್ಧಾಂತವೂ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಈ ವಾತಾವರಣದ ಪೂರ್ಣ ಚಿತ್ರ ಸಿಗುವುದು ಬಳ್ಳಿಗಾವಿಯ ಕೇದಾರೇಶ್ವರ ದೇಗುಲದ ಕೋಡಿಮಠದಲ್ಲಿ. 1162ರ ಶಾಸನ ಈ ಮಠದಲ್ಲಿ ನಡೆಯುತ್ತಿದ್ದ ಕಲಿಕೆಯನ್ನು ವಿವರಿಸುತ್ತದೆ: ನಾಲ್ಕು ವೇದ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ. ಕುರುಡರು, ಕುಂಟರು, ಕಿವುಡರು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ, ಜೈನ ಕ್ಷಪಣಕರೂ ಸೇರಿದಂತೆ ಬೇರೆ ಬೇರೆ ಪಂಥದ ಭಿಕ್ಷುಗಳಿಗೆ ಊಟ ಇವೆಲ್ಲ ಅದೇ ಸೂರಿನಡಿ ನಡೆಯುತ್ತಿದ್ದವು. ಶೈವಮಠವೊಂದು ಬೌದ್ಧದರ್ಶನವನ್ನು ಪಾಠಕ್ಕಿಟ್ಟಿತ್ತೆಂಬುದು ಈ ಪರಂಪರೆಯ ಅತ್ಯಂತ ಬೆಲೆಬಾಳುವ ಸಂಗತಿ. ಅದೇ ಶತಮಾನದ ಮೊದಲರ್ಧದಲ್ಲಿ ಪ್ಯಾರಿಸ್ಸಿನ ತತ್ತ್ವಜ್ಞಾನಿ ಅಬೆಲಾರ್ಡ್ ಕ್ರೈಸ್ತ ಧರ್ಮಗುರುಗಳ ಪರಸ್ಪರ ವಿರುದ್ಧ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ಶಿಷ್ಯರ ಮುಂದೆ ಪ್ರಶ್ನೆಯಾಗಿಸಿದ್ದ. ಅವನ ಬರಹಗಳಿಗೆ ಒದಗಿದ್ದು ಖಂಡನೆ, ಕೋಡಿಮಠಕ್ಕೆ ಒದಗಿದ್ದು ರಾಜದತ್ತಿ.

ಈ ಶಾಸ್ತ್ರಗಳಲ್ಲಿ ಊಹೆಯ ಪ್ರಶ್ನೆಗೆ ನಿಶ್ಚಿತ ಸ್ಥಾನವಿತ್ತು. ನ್ಯಾಯದರ್ಶನದಲ್ಲಿ ತರ್ಕವೆಂದರೆ ಇಲ್ಲದ್ದನ್ನು ಇದೆಯೆಂದು ಒಪ್ಪಿಕೊಂಡು ಅದರ ಪರಿಣಾಮವನ್ನು ಹಿಡಿದು ನೋಡುವುದು: ಬೆಟ್ಟದಲ್ಲಿ ಬೆಂಕಿ ಇಲ್ಲದೆ ಹೋಗಿದ್ದರೆ ಹೊಗೆಯೂ ಇರುತ್ತಿರಲಿಲ್ಲ; ಹೊಗೆ ಕಾಣುತ್ತಿದೆ, ಆದ್ದರಿಂದ ಆ ಊಹೆ ನಿಲ್ಲದು. ವಸ್ತು ಪ್ರತಿ ಕ್ಷಣವೂ ಅಳಿದು ಹೊಸತಾಗುತ್ತದೆ ಎಂಬುದು ಬೌದ್ಧರ ಪಕ್ಷ. ಹಾಗಾದರೆ ನಿನ್ನೆ ಕಂಡದ್ದನ್ನು ಇಂದು ನೆನೆಯುವವರು ಯಾರು ಎಂದು ನೈಯಾಯಿಕರು ಕೇಳಿದರು. ಕಣ್ಣಿಗೆ ಕಾಣದ್ದನ್ನು ಒಪ್ಪದ ಲೋಕಾಯತರು ಪರಲೋಕವನ್ನೇ ತಳ್ಳಿಹಾಕಿದರು. ಜೈನರ ಸ್ಯಾದ್ವಾದ, ಯಾವ ಹೇಳಿಕೆಯೂ ಒಂದು ನೋಟದಿಂದ ಮಾತ್ರ ನಿಜವೆಂದು ಏಳು ಬಗೆಯಲ್ಲಿ ಬಿಡಿಸಿ ತೋರಿಸಿತು.

ವಾದ ಎಂದೂ ಸೌಮ್ಯವಾಗಿಯೇ ಇತ್ತೆಂದಲ್ಲ. ಶಿಕಾರಿಪುರಕ್ಕೆ ನೆರೆಯದಾದ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ, ಕಡಿದ ತಲೆ ಮತ್ತೆ ಕೂಡಿಕೊಂಡರೆ ಜಿನನ ಬದಲು ಶಿವನನ್ನು ಸ್ಥಾಪಿಸಬೇಕೆಂದು ಜೈನರೊಡನೆ ಪಣ ಕಟ್ಟಿದನೆಂದು ಅಲ್ಲಿನ ಸೋಮೇಶ್ವರ ದೇಗುಲದ ಶಾಸನ ನಿರೂಪಿಸುತ್ತದೆ. ಪ್ರಶ್ನೆಯ ಜಾಗದಲ್ಲಿ ಪವಾಡ ಬಂದು ನಿಂತ ಘಟ್ಟವಿದು.

ಶಾಸನಗಳು ಗೆದ್ದವರ ಹೆಸರನ್ನು ಉಳಿಸಿದವು, ಅವರು ಹೂಡಿದ ವಾದವನ್ನಲ್ಲ. ಪ್ರಶ್ನೆ ತಾನೇ ಉಳಿದಿರುವುದು ವಚನಗಳಲ್ಲಿ. ಬಳ್ಳಿಗಾವಿಯಲ್ಲಿ ಹುಟ್ಟಿದನೆಂದು ಪರಂಪರೆ ಹೇಳುವ ಅಲ್ಲಮಪ್ರಭು, ಭೂಮಿ ಆಕಾಶಗಳಿಲ್ಲದಾಗ ಇದ್ದುದೇನು, ಬಯಲನ್ನು ಬಯಲೆಂದು ಕರೆದವನು ಅದರ ಹೊರಗಿದ್ದಾನೆಯೇ ಎಂಬ ದಿಕ್ಕಿನಲ್ಲಿ ಯೋಚಿಸಿದ. ಕಾರ್ಯಕಾರಣಗಳನ್ನು ತಲೆಕೆಳಗು ಮಾಡುವ ಅವನ ಬೆಡಗಿನ ವಚನಗಳು, ಸಾಧ್ಯವೇ ಇಲ್ಲದ ಲೋಕವೊಂದನ್ನು ಮುಂದಿಟ್ಟು, ನಾವು ನಿಜವೆಂದು ನಂಬಿದ್ದನ್ನು ಅಲುಗಿಸುತ್ತವೆ. ಬೌದ್ಧವಿಹಾರವಿದ್ದ ಊರಿನವನು ಶೂನ್ಯವನ್ನು ಕುರಿತು ಇಷ್ಟು ಆಳವಾಗಿ ನುಡಿದದ್ದನ್ನು ಎರವಲೆಂದು ಕರೆಯಲು ಆಧಾರ ಸಾಲದು. ಆದರೆ ಆ ಮಾತಿಗೆ ಇಲ್ಲಿನ ಗಾಳಿಯಲ್ಲಿ ಮೊದಲೇ ಅಭ್ಯಾಸವಿತ್ತು.

ಶಿಕಾರಿಪುರ ತಾಲ್ಲೂಕಿನದೇ ಉಡುತಡಿಯ ಅಕ್ಕಮಹಾದೇವಿಯನ್ನು ಶೂನ್ಯಸಂಪಾದನೆಯ ಕಥನದಲ್ಲಿ ಅಲ್ಲಮ ಪರೀಕ್ಷಿಸುತ್ತಾನೆ: ದೇಹದ ಭ್ರಮೆ ಹರಿದಿದ್ದರೆ ಕೂದಲಿನ ಮರೆಯೇಕೆ? ಆ ಮರೆ ನೋಡುವವರ ಸಲುವಾಗಿ ಎಂಬ ಧಾಟಿಯ ಅವಳ ಉತ್ತರ ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸುತ್ತದೆ. ಹಿರೇಜಂಬೂರಿನ ಸತ್ಯಕ್ಕ ಇನ್ನೂ ಮುಂದೆ ಹೋಗಿ, ದೇಹದ ಗುರುತು, ಉಡುಗೆಗಳು ಹೆಣ್ಣು ಗಂಡೆಂಬುದಕ್ಕೆ ಪ್ರಮಾಣವಾಗಲಾರವು ಎಂದಳು. ಪ್ರಮಾಣದ ಪ್ರಶ್ನೆ ಪಂಡಿತರ ಗದ್ದುಗೆಯಿಂದ ಇಳಿದು ಹೆಣ್ಣಿನ ಬದುಕನ್ನು ಮುಟ್ಟಿದ್ದು ಇಲ್ಲಿ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ಸಂಯೋಜಿಸಿ ವಚನಗಳಿಗೆ ಸಂವಾದದ ರೂಪ ಕೊಟ್ಟ. ಚಾಮರಸನ ಪ್ರಭುಲಿಂಗಲೀಲೆಯೂ ಅದೇ ಶತಮಾನದ್ದು. ಅಷ್ಟು ಹೊತ್ತಿಗೆ ಬಳ್ಳಿಗಾವಿ ತನ್ನ ವೈಭವ ಕಳೆದುಕೊಂಡಿತ್ತು. ಬಿ. ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ (1902), ಸೊರಬದವನ್ನು 8ನೆಯದರಲ್ಲಿ (1904) ಪ್ರಕಟಿಸಿದ. ಕಾಳಾಮುಖರನ್ನು ಕುರಿತ ಡೇವಿಡ್ ಲೊರೆಂಜನ್‌ನ 1972ರ ಅಧ್ಯಯನವೂ ಈ ಶಾಸನಗಳನ್ನು ಆಧರಿಸಿದೆ.