ರೇಂಜು ಕಡಿಮೆಯಾದಲ್ಲಿ ಚಾರ್ಜು ಇಳಿಯುವ ಬಗೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

"ಚಾರ್ಜ್ ನಿಲ್ಲುದೇ ಇಲ್ಲ ಮರ್ರೆ." ಕುಂದಾಪುರ, ಬೈಂದೂರು ಕಡೆಯ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಬ್ಯಾಟರಿ ಬದಲಿಸಿ ಕೊಡುತ್ತಾರೆ. ಕೆಲವರಿಗೆ ಅಷ್ಟರಲ್ಲೇ ಗುಣ ಕಾಣುತ್ತದೆ. ಇನ್ನು ಕೆಲವರು ತಿಂಗಳು ತುಂಬುವುದರೊಳಗೆ ಅದೇ ದೂರು ಹಿಡಿದು ಮರಳಿ ಬರುತ್ತಾರೆ. ಈ ಎರಡನೆಯ ಗುಂಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೆ: ಈ ಮೂರು ತಾಲ್ಲೂಕುಗಳಲ್ಲಿ ಬ್ಯಾಟರಿ ಬೇಗ ಖಾಲಿಯಾದರೆ ಅದು ಫೋನಿನ ದೋಷ ಎಂದು ತೀರ್ಮಾನಿಸುವ ಮೊದಲು, ಆ ಫೋನು ದಿನದಲ್ಲಿ ಎಷ್ಟು ಹೊತ್ತು ಎಂಥ ಜಾಗದಲ್ಲಿ ಇರುತ್ತದೆ ಎಂದು ಕೇಳಬೇಕು.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ "ರೇಂಜ್ ಇಲ್ಲ", "ಟವರ್ ಇಲ್ಲ", "ನೆಟ್‌ವರ್ಕ್ ಇಲ್ಲ" ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಆ ಒಂದು ದೂರಿನ ಕೆಳಗೆ ಬೇರೆಬೇರೆ ಮೂರು ಸ್ಥಿತಿಗಳಿವೆ. ಟವರು ಕೆಲಸ ಮಾಡುತ್ತಿದ್ದರೂ ಅದರ ಸಿಗ್ನಲ್ ನಮ್ಮಲ್ಲಿಗೆ ಬರುವಷ್ಟರಲ್ಲಿ ಬಳಲಿರಬಹುದು. ಕರೆಂಟು ಹೋಗಿ ಟವರೇ ನಿಂತಿರಬಹುದು. ಅಥವಾ ಟವರು ನಡೆಯುತ್ತಿದ್ದು, ಅದರ ಹಿಂದಿನ ಕೇಬಲ್ ಕಡಿದಿರಬಹುದು. ಬಳಸುವವರ ಪಾಲಿಗೆ ಮೂರೂ ಒಂದೇ ತೊಂದರೆ. ಬ್ಯಾಟರಿಯ ಪಾಲಿಗೆ ಅಲ್ಲ. ಮೊದಲನೆಯದರಲ್ಲಿ ಫೋನು ಕೂಗುತ್ತದೆ, ಎರಡನೆಯದರಲ್ಲಿ ಹುಡುಕುತ್ತದೆ, ಮೂರನೆಯದರಲ್ಲಿ ಮಾಡಿದ್ದನ್ನೇ ಮತ್ತೆಮತ್ತೆ ಮಾಡುತ್ತದೆ.

ಕೂಗುವುದು ಎಂದದ್ದು ಬರಿಯ ಅಲಂಕಾರವಲ್ಲ. ಬೈಲಿನ ಈಚೆಯಿಂದ ಆಚೆ ಮನೆಯವರನ್ನು ಕರೆಯಬೇಕಾದರೆ ಗಂಟಲು ಏರಿಸುತ್ತೇವೆ, ಜಗಲಿಯಲ್ಲಿ ಪಕ್ಕ ಕೂತವರೊಡನೆ ಮೆಲ್ಲಗೆ ಆಡುತ್ತೇವೆ. ಫೋನೂ ಹಾಗೆಯೇ. ಟವರು ಹತ್ತಿರವಿದ್ದರೆ ಕನಿಷ್ಠ ಬಲದಲ್ಲಿ ಉತ್ತರಿಸುತ್ತದೆ, ದೂರವಾದಂತೆ ಬಲ ಏರಿಸುತ್ತದೆ. 4ಜಿ ಫೋನಿಗೆ ಸಾಮಾನ್ಯವಾಗಿ ಇರುವ ಗರಿಷ್ಠ ಮಿತಿ 23 ಡಿಬಿಎಂ, ಎಂದರೆ 200 ಮಿಲಿವ್ಯಾಟ್. ಅಷ್ಟು ಬಲವನ್ನು ಆಂಟೆನಾಕ್ಕೆ ತಲುಪಿಸಲು ಒಳಗಿನ ಆಂಪ್ಲಿಫೈಯರ್ ಅದರ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಇಲ್ಲಿ ಒಂದು ಲೆಕ್ಕ ಹಾಕಬಹುದು. ಈಗಿನ ಸಾಮಾನ್ಯ ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ರೇಡಿಯೊ ಭಾಗ ಸರಾಸರಿ ಒಂದು ವ್ಯಾಟ್ ಹೆಚ್ಚು ನುಂಗಿದರೆ ಗಂಟೆಗೆ ಶೇಕಡಾ 5 ಹೆಚ್ಚುವರಿಯಾಗಿ ಇಳಿಯುತ್ತದೆ. ಕಾಲು ವ್ಯಾಟ್ ಹೆಚ್ಚಾದರೂ ರಾತ್ರಿಯ ಎಂಟು ಗಂಟೆಯಲ್ಲಿ ಶೇಕಡಾ 10 ಹೋಯಿತು. ಯಾರೂ ಮುಟ್ಟದೆ ಇಟ್ಟ ಫೋನು ಬೆಳಗಾಗುವಾಗ ಇಳಿದಿರುವುದಕ್ಕೆ ಇಷ್ಟು ಸಾಕು.

ಈ ಕೂಗಾಟಕ್ಕೆ ನಮ್ಮ ನೆಲದ ರಚನೆಯೇ ಹೇಳಿ ಮಾಡಿಸಿದಂತಿದೆ. ಬೈಂದೂರು ಕುಂದಾಪುರದಿಂದಲೂ ಬ್ರಹ್ಮಾವರ ಉಡುಪಿಯಿಂದಲೂ ಬೇರ್ಪಟ್ಟು 2018ರಲ್ಲಿ ತಾಲ್ಲೂಕುಗಳಾದವು. ಆದರೆ ಮೂರರ ಮೈಕಟ್ಟು ಒಂದೇ. ಪಶ್ಚಿಮದಲ್ಲಿ ಕಡಲಿಗೆ ಅಂಟಿದ ಕಿರಿದಾದ ಪಟ್ಟಿ. ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು ಮಾರ್ಗ, ಪೇಟೆಗಳು ಇರುವುದು ಈ ಪಟ್ಟಿಯಲ್ಲಿ. ಟವರುಗಳು ಒತ್ತಾಗಿರುವುದೂ ಇಲ್ಲೇ. ಅಲ್ಲಿಂದ ಪೂರ್ವಕ್ಕೆ ಹೋದಂತೆ ಮುರಕಲ್ಲಿನ ಗುಡ್ಡೆಗಳು, ನಡುನಡುವೆ ಬೈಲು, ಅಡಿಕೆ ತೋಟ, ಹಾಡಿ. ಆಮೇಲೆ ಅಮಾಸೆಬೈಲು, ಹೊಸಂಗಡಿ, ಕೊಲ್ಲೂರು, ಮೂಕಾಂಬಿಕಾ ವನ್ಯಜೀವಿ ಧಾಮ, ಅದರ ಮೇಲೆ 1343 ಮೀಟರ್ ಎತ್ತರದ ಕೊಡಚಾದ್ರಿ. ನೀರು, ಗದ್ದೆ ಕೆಳಗಿರುವುದರಿಂದ ನಮ್ಮ ಹಿರಿಯರು ಮನೆಯನ್ನೂ ತಗ್ಗಿನಲ್ಲಿ ಕಟ್ಟಿದರು. ಗುಡ್ಡೆಯ ಆಚೆ ಇರುವ ಟವರಿಗೆ ಆ ತಗ್ಗು ನೆರಳಿನ ಜಾಗ. ಮನೆಯೊಳಗೆ ಒಂದು ಗೆರೆಯೂ ಕಾಣದ ಫೋನು ಗುಡ್ಡೆ ಹತ್ತಿದ ಕೂಡಲೇ ಜೀವ ತಳೆಯುವುದು ಇದೇ ಕಾರಣಕ್ಕೆ. ಆನ್‌ಲೈನ್ ತರಗತಿಗಳ ಕಾಲದಲ್ಲಿ, 2021ರ ಜೂನ್‌ನಲ್ಲಿ, ಸುಳ್ಯ ತಾಲ್ಲೂಕಿನ ಬಳ್ಳಕ್ಕದಲ್ಲಿ ಮಳೆಯ ನಡುವೆ ರಸ್ತೆಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅದು ನೆರೆ ಜಿಲ್ಲೆಯ ಚಿತ್ರ, ನೆಲದ ಕಷ್ಟ ಮಾತ್ರ ನಮ್ಮದೂ ಹೌದು.

ಕಟ್ಟಡದ ಪಾತ್ರವನ್ನೂ ಸೇರಿಸಬೇಕು. ದಪ್ಪ ಮುರಕಲ್ಲಿನ ಗೋಡೆ ಸಿಗ್ನಲನ್ನು ಕುಗ್ಗಿಸುತ್ತದೆ. ತಾರಸಿ ಸೋರದಿರಲೆಂದು ಮೇಲೆ ಹಾಕಿಸುವ ತಗಡಿನ ಮಾಡು, ಎತ್ತರದ ಟವರಿನಿಂದ ಇಳಿದು ಬರುವ ಅಲೆಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹಂಚಿನ ಮಾಡಿಗೆ ಈ ದೋಷ ಅಷ್ಟಾಗಿ ಇಲ್ಲ.

ಇನ್ನು ಮಳೆಗಾಲ. "ಮಳೆ ಬಂದರೆ ರೇಂಜ್ ಹೋಗುತ್ತದೆ" ಎಂಬ ಅನುಭವ ಸುಳ್ಳಲ್ಲ, ಅದಕ್ಕೆ ನಾವು ಕೊಡುವ ಕಾರಣ ತಪ್ಪು. ಮೊಬೈಲ್ ಬಳಸುವ 700ರಿಂದ 2300 ಮೆಗಾಹರ್ಟ್ಸ್ ಅಲೆಗಳನ್ನು ಎಂಥ ಜಡಿಮಳೆಯೂ ಕಿಲೋಮೀಟರಿಗೆ ಒಂದು ಡೆಸಿಬೆಲ್‌ನ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಕುಂದಿಸದು. ಹನಿಯ ಗಾತ್ರಕ್ಕೆ ಹೋಲಿಸಿದರೆ ಆ ಅಲೆಗಳ ಉದ್ದ ಬಹಳ ದೊಡ್ಡದು. ಆದರೆ ಒಂದು ಟವರನ್ನು ಇನ್ನೊಂದಕ್ಕೆ ಜೋಡಿಸುವ ಮೈಕ್ರೊವೇವ್ ಕೊಂಡಿಗಳ ಕಥೆ ಬೇರೆ: 15 ಗಿಗಾಹರ್ಟ್ಸ್‌ನಲ್ಲಿ, ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಕಿಲೋಮೀಟರಿಗೆ ಸುಮಾರು 8 ಡೆಸಿಬೆಲ್ ನುಂಗುತ್ತದೆ. ನೆನೆದ ಎಲೆಗಳು ಒಣ ಎಲೆಗಳಿಗಿಂತ ಹೆಚ್ಚು ತಡೆಯುತ್ತವೆ. ತೋಟದ ನಡುವಿನ ಮನೆಗೆ ಇದು ಗಮನಾರ್ಹ. ಇದೆಲ್ಲಕ್ಕಿಂತ ಮುಖ್ಯ ಕರೆಂಟು. ಮರ ಬಿದ್ದು ತಂತಿ ಹರಿದರೆ ಟವರು ತನ್ನ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆದು ನಿಲ್ಲುತ್ತದೆ. ಆಗ ಆ ಟವರಿಗೆ ಕಟ್ಟಿಕೊಂಡಿದ್ದ ಫೋನುಗಳೆಲ್ಲ ದೂರದ ಇನ್ನೊಂದನ್ನು ಹುಡುಕತೊಡಗುತ್ತವೆ. ಮನೆಯಲ್ಲಿ ಚಾರ್ಜ್ ಮಾಡಲು ಕರೆಂಟಿಲ್ಲದ ಹೊತ್ತಿಗೇ ಫೋನು ಅತಿ ಹೆಚ್ಚು ಚಾರ್ಜು ಕಳೆಯುವುದು ಹೀಗೆ. ಮಳೆಗಾಲದ ಕಷ್ಟದ ಗಂಟು ಇಲ್ಲಿದೆ ಎಂದು ನನ್ನ ಭಾವನೆ. ಅಂಥ ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಗಂಟೆಗೊಮ್ಮೆ ಎರಡು ನಿಮಿಷ ತೆರೆದು ನೋಡುವುದು ಉಳಿತಾಯದ ದಾರಿ. ಗಂಗೊಳ್ಳಿಯಿಂದ ದೂರ ಕಡಲಿಗೆ ಹೋಗುವ ಬೋಟಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ತೀರದ ಟವರು ಮರೆಯಾದ ಮೇಲೆ ಫೋನಿನ ಹುಡುಕಾಟ ಮುಗಿಯುವುದೇ ಇಲ್ಲ.

ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಪರದೆಯ ಮೇಲಿನ ಗೆರೆಗಳನ್ನು ನಂಬಿ ಯಾವ ದಾಖಲೆಯನ್ನೂ ಮಾಡಬಾರದು. ಯಾವ ಬಲಕ್ಕೆ ಎಷ್ಟು ಗೆರೆ ಎಂಬುದನ್ನು ಫೋನು ತಯಾರಕರೇ ಗೊತ್ತುಮಾಡುತ್ತಾರೆ; ಎರಡು ಕಂಪನಿಯ ಫೋನುಗಳ ಗೆರೆಗಳಿಗೆ ತಾಳೆಯಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನೊಳಗಿನ 'ಅಬೌಟ್ ಫೋನ್' ತೆರೆದು ಸಿಮ್ ಸ್ಥಿತಿ ನೋಡಿದರೆ ಬಲ ಡಿಬಿಎಂನಲ್ಲಿ ಸಿಗುತ್ತದೆ. ಹಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಕಾಣುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ ಎಂದರ್ಥ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120 ಎಂದರೆ ಅಂಚು. ಪ್ರತಿ 10 ಡೆಸಿಬೆಲ್ ಇಳಿಕೆಗೆ ಬಲ ಹತ್ತನೇ ಒಂದಾಗುತ್ತದೆ ಎಂಬುದನ್ನು ಮರೆಯಬಾರದು: ಮೈನಸ್ 85ಕ್ಕೂ ಮೈನಸ್ 115ಕ್ಕೂ ನಡುವೆ ಇರುವುದು ಸಾವಿರ ಪಟ್ಟಿನ ಅಂತರ.

ಓದಿದವರೂ ಎಡವುವ ಒಂದು ಜಾಗವಿದೆ. 2ಜಿಯ ಅಂಕಿಯನ್ನು 4ಜಿಯ ಅಂಕಿಯೊಡನೆ ನೇರವಾಗಿ ಹೋಲಿಸಬಾರದು. 2ಜಿಯಲ್ಲಿ ತೋರಿಸುವುದು ಇಡೀ ಚಾನೆಲ್ಲಿನ ಒಟ್ಟು ಬಲ. 4ಜಿಯ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಒಂದೇ ಒಂದು ಸಣ್ಣ ಉಪವಾಹಕದ ಬಲ. 20 ಮೆಗಾಹರ್ಟ್ಸ್ ಅಗಲದ 4ಜಿ ಚಾನೆಲ್ಲಿನಲ್ಲಿ ಅಂಥ 1200 ಉಪವಾಹಕಗಳಿರುತ್ತವೆ. ಇದರಿಂದಲೇ ಸುಮಾರು 31 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. "ಹಳೇ ಸಿಮ್ ಮೈನಸ್ 80 ತೋರಿಸುತ್ತಿತ್ತು, ಹೊಸದು ಮೈನಸ್ 100, ಹಾಗಾಗಿ ಹೊಸದು ಕೆಟ್ಟದು" ಎಂಬ ತೀರ್ಮಾನ ಇದರ ಮುಂದೆ ನಿಲ್ಲುವುದಿಲ್ಲ.

ಮೂರನೆಯ ಸ್ಥಿತಿ, ಎಂದರೆ ಗೆರೆ ತುಂಬಿದ್ದೂ ಇಂಟರ್ನೆಟ್ ನಡೆಯದಿರುವುದು, ಹೆದ್ದಾರಿ ಅಗೆತದಲ್ಲೋ ಗುಡ್ಡ ಜರಿದೋ ಫೈಬರ್ ಕಡಿದಾಗ ಕಾಣುತ್ತದೆ. ವಾಟ್ಸಾಪ್ ಫೋಟೊ ಕಳುಹಿಸಲು, ಮೇಲ್ ಹೊಂದಿಸಿಕೊಳ್ಳಲು ಆ್ಯಪ್‌ಗಳು ಬಿಡದೆ ಯತ್ನಿಸುತ್ತವೆ. ಡೇಟಾ ಆಫ್ ಮಾಡಿದರೆ ಸಾಕು.

ಈಗ ಪರೀಕ್ಷೆಯ ಕ್ರಮ. ನಾನು ಸೂಚಿಸುವುದು ಮೂರು ರಾತ್ರಿಯ ಹೋಲಿಕೆ. ಚಾರ್ಜು 80ರ ಸುಮಾರಿಗೆ ಇರುವಾಗ ಆರಂಭಿಸಬೇಕು. 100ರಿಂದ ಶುರು ಮಾಡಬಾರದು, ಏಕೆಂದರೆ ಹಲವು ಫೋನುಗಳು 100ರ ಅಂಕಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತವೆ. ಶೇಕಡಾವಾರು ಎನ್ನುವುದೇ ಫೋನಿನ ಅಂದಾಜು. ಮೊದಲ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಏರೋಪ್ಲೇನ್ ಮೋಡ್, ವೈಫೈ ಕೂಡ ಇಲ್ಲ. ಎರಡನೆಯ ರಾತ್ರಿ ಏರೋಪ್ಲೇನ್ ಮೋಡ್ ಹಾಗೇ ಇಟ್ಟು ವೈಫೈ ಮಾತ್ರ ಆನ್. ಮೂರನೆಯ ರಾತ್ರಿ ಎಂದಿನಂತೆ ಸಿಮ್ ಆನ್ ಮಾಡಿ, ಅದೇ ಮೇಜಿನ ಮೇಲೆ. ಮೊದಲ ರಾತ್ರಿಯೇ ಬಹಳ ಇಳಿದರೆ ಬ್ಯಾಟರಿ ಅಥವಾ ಒಳಗೆ ನಿದ್ರಿಸದ ಆ್ಯಪ್ ಕಾರಣ. ಎರಡನೆಯ ರಾತ್ರಿ ಜಿಗಿದರೆ ಆ್ಯಪ್‌ಗಳ ಸಿಂಕ್. ಮೂರನೆಯ ರಾತ್ರಿ ಮಾತ್ರ ಜಿಗಿದರೆ ದೋಷ ಜಾಗದ್ದು. ವೈಫೈ ಇಲ್ಲದ ಮನೆಯಲ್ಲಿ ಎರಡನೆಯದನ್ನು ಬಿಟ್ಟು, ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಒಂದು ರಾತ್ರಿ ಸಿಮ್ ಆನ್ ಇಟ್ಟು ನೋಡಬಹುದು.

ಜಾಗದ ದೋಷವಾದರೆ ಮದ್ದು ಅಗ್ಗ. ಎರಡು ಸಿಮ್ ಇದ್ದು ಒಂದಕ್ಕೆ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದನ್ನು ಆಫ್ ಮಾಡಬೇಕು. ಸತ್ತ ಸಿಮ್ಮಿಗಾಗಿ ಫೋನು ರಾತ್ರಿಯಿಡೀ ಹುಡುಕುತ್ತದೆ. 5ಜಿ ಬಂದು ಹೋಗುವ ಅಂಚಿನಲ್ಲಿದ್ದರೆ 4ಜಿಗೆ ನಿಲ್ಲಿಸಬೇಕು. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಬಳಸಬಹುದು; ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಆರಂಭಿಸಿದವು. ಸರ್ಕಾರದ ನಿಧಿಯಿಂದ ನಿಲ್ಲಿಸಿದ 4ಜಿ ಟವರುಗಳನ್ನು ಬೇರೆ ಕಂಪನಿಯ ಗ್ರಾಹಕರೂ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿದೆ. ಅಂಥ ಟವರು ಹತ್ತಿರವಿದ್ದಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ತಾನಾಗಿಯೇ ಆಗುವಂತೆ ಬಿಡುವುದು ಒಳ್ಳೆಯದು.

ತಡವಾಗುವ ಅಪ್‌ಡೇಟ್ ಈ ಕಥೆಯಿಂದ ಹೊರಗಿನದಲ್ಲ. ಗೂಗಲ್ 2015ರ ಆಗಸ್ಟ್‌ನಲ್ಲಿ ತಿಂಗಳ ಲೆಕ್ಕದಲ್ಲಿ ಭದ್ರತಾ ತೇಪೆಗಳನ್ನು ಹೊರಡಿಸತೊಡಗಿತು. ಅಂಥ ತೇಪೆ ನಮ್ಮ ಕೈಯ ಫೋನಿಗೆ ಬರುವ ಮೊದಲು ಚಿಪ್ ತಯಾರಕರು, ಫೋನು ತಯಾರಕರು, ಕೆಲವೊಮ್ಮೆ ದೂರಸಂಪರ್ಕ ಕಂಪನಿಗಳನ್ನು ದಾಟಿ, ಆಮೇಲೂ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಈ ವಿಳಂಬ ತಗ್ಗಿಸಲೆಂದೇ ಆಂಡ್ರಾಯ್ಡ್ 8ರಲ್ಲಿ, 2017ರಲ್ಲಿ, ಟ್ರೆಬಲ್ ಎಂಬ ರಚನೆ ಬಂತು. ಇದು ಊರಿಗೆ ಸಂಬಂಧವಿಲ್ಲದ ತಡ. ಊರು ಸೇರಿಸುವ ತಡ ಬೇರೆ. ಹಲವು ಫೋನುಗಳು ದೊಡ್ಡ ಅಪ್‌ಡೇಟನ್ನು ವೈಫೈ ಇದ್ದಾಗಲೇ ಇಳಿಸಿಕೊಳ್ಳುತ್ತವೆ, ಚಾರ್ಜು ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಅಳವಡಿಸಲು ಒಪ್ಪುವುದಿಲ್ಲ. ಸೆಕೆಂಡಿಗೆ ಒಂದು ಮೆಗಾಬಿಟ್ ಸಿಗುವ ಮನೆಯಲ್ಲಿ 2 ಜಿಬಿ ಇಳಿಯಲು ನಾಲ್ಕೂವರೆ ಗಂಟೆ ಬೇಕು, ಆ ಅವಧಿಯಷ್ಟೂ ರೇಡಿಯೊ ದುಡಿಯುತ್ತಿರಬೇಕು. ಹೀಗೆ ಚಾರ್ಜಿಲ್ಲದ್ದರಿಂದ ಅಪ್‌ಡೇಟ್ ಇಲ್ಲ. ಮೋಡೆಮ್ಮಿನ ತಂತ್ರಾಂಶದ ತಿದ್ದುಪಡಿಗಳು ಬರುವುದೂ ಈ ಅಪ್‌ಡೇಟ್‌ಗಳ ಜೊತೆಗೇ ಆದ್ದರಿಂದ, ಚಾರ್ಜು ಉಳಿಸಬಹುದಾದ ತಿದ್ದುಪಡಿಯೂ ಹೊರಗೇ ಉಳಿಯುತ್ತದೆ. ಕುಂದಾಪುರವೋ ಬ್ರಹ್ಮಾವರವೋ, ಪೇಟೆಗೆ ಹೋದ ದಿನ ಒಳ್ಳೆಯ ಸಿಗ್ನಲ್ಲಿನಲ್ಲಿ ಫೋನನ್ನು ಚಾರ್ಜಿಗೆ ಹಾಕಿ ಈ ಕೆಲಸ ಮುಗಿಸುವುದು ವಾಸಿ. ಅಪ್‌ಡೇಟ್ ಆದ ಮೊದಲ ಎರಡು ದಿನ ಫೋನು ಆ್ಯಪ್‌ಗಳನ್ನು ಮರುಹೊಂದಿಸಿಕೊಳ್ಳುತ್ತದೆ. ಆ ದಿನಗಳ ಇಳಿಕೆಯನ್ನು ದಾಖಲೆಗೆ ಹಿಡಿಯಬಾರದು.

ಬ್ಯಾಟರಿಯೇ ಸವೆದಿರುವ ಸಂದರ್ಭಗಳೂ ಇವೆ, ಅದನ್ನು ಮರೆಮಾಚುವುದಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿ ಶತ್ರು. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಬೈಕಿನ ಹ್ಯಾಂಡಲ್ಲಿನ ಮೇಲೆ ಬಿಸಿಲಿಗೆ ಒಡ್ಡಿದ ಫೋನು ಬೇಗ ಮುಪ್ಪಾಗುತ್ತದೆ. ಬದಲಿಸುವಾಗ ಐಎಸ್ 16046 ಮಾನಕದ ಬಿಐಎಸ್ ಗುರುತು ಇದೆಯೇ ಎಂದು ನೋಡಬೇಕು. ಕಡಲ ಬದಿಯ ಉಪ್ಪುಗಾಳಿಗೆ ಚಾರ್ಜಿಂಗ್ ಕಿಂಡಿ ತುಕ್ಕು ಹಿಡಿದು ಚಾರ್ಜೇ ಸರಿಯಾಗಿ ಏರದಿದ್ದರೂ "ನಿಲ್ಲುದಿಲ್ಲ" ಎಂಬ ದೂರೇ ಹುಟ್ಟುತ್ತದೆ. ನೆನೆದ ಫೋನನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹೂಳುವ ರೂಢಿ ಬಿಡಬೇಕು; ಅಕ್ಕಿಯ ಕಣಗಳು ಫೋನನ್ನು ಕೆಡಿಸಬಹುದೆಂದು ಆ್ಯಪಲ್ ಕಂಪನಿ 2024ರಲ್ಲಿ ತನ್ನ ಗ್ರಾಹಕರಿಗೆ ತಿಳಿಸಿತು. ಕಿಂಡಿ ಕೆಳಮುಖ ಮಾಡಿ ಗಾಳಿಗಿಟ್ಟು ಒಣಗಿಸುವುದೇ ಸರಿ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಸೇವಾ ಗುಣಮಟ್ಟದ ನಿಯಮಗಳಂತೆ ಕಂಪನಿಗಳು ತಂತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆಯಲ್ಲಿ ಬಣ್ಣ ತುಂಬಿದ ಜಾಗದಲ್ಲಿ ನಿಮ್ಮ ಅಡುಗೆಮನೆ ಮೈನಸ್ 118 ತೋರಿಸುತ್ತಿದ್ದರೆ, ದೂರು ಕೊಡಲು ಅದಕ್ಕಿಂತ ಗಟ್ಟಿ ಆಧಾರ ಬೇಡ. ಅದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ. ತಾರೀಕು, ಹೊತ್ತು, ಜಾಗ, ಯಾವ ಸಿಮ್, 4ಜಿಯೋ 5ಜಿಯೋ, ಡಿಬಿಎಂ ಎಷ್ಟು, ಚಾರ್ಜು ಎಷ್ಟು ಎಂದು ಬರೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದ ಹೊತ್ತು, ಬಂದ ಹೊತ್ತು ಎಂದು ಇನ್ನೆರಡು ಕಾಲಂ ಎಳೆದುಕೊಳ್ಳಬೇಕು.